‘ನಿಜವಾದ ಬಡವರನ್ನು’ ಹುಡುಕಲು ತೆರುವ ಬೆಲೆ

ಪ್ರಶ್ನೆ: ನಾನು ಪ್ರತಿ ವರ್ಷ ತಪ್ಪದೆ ತೆರಿಗೆ ಕಟ್ಟುವವನು. ಬಡವರಿಗೆ ನೆರವು ಕೊಡಬಾರದು ಎನ್ನುವವನಲ್ಲ. ಆದರೆ ಇಷ್ಟು ವರ್ಷಗಳಿಂದ ಯೋಜನೆಗಳು ಬರುತ್ತಲೇ ಇವೆ, ಶ್ರೀಮಂತ ದೇಶಗಳಲ್ಲೂ ಬಡತನ ಹೋಗಿಲ್ಲವಲ್ಲ, ಏಕೆ? ಸುಮ್ಮನೆ ಹಣ ಕೊಟ್ಟರೆ ಜನ ದುಡಿಯುವುದನ್ನೇ ಬಿಡುವುದಿಲ್ಲವೇ? ಎಲ್ಲರಿಗೂ ಹಂಚುವ ಬದಲು ನಿಜವಾದ ಬಡವರನ್ನು ಗುರುತಿಸಿ ಅವರಿಗೆ ಮಾತ್ರ ಕೊಟ್ಟರೆ ಅದೇ ಹಣದಲ್ಲಿ ಹೆಚ್ಚು ಕೆಲಸ ಆಗುವುದಿಲ್ಲವೇ? ಇನ್ನು, ಅಸಮಾನತೆ ಎಂದು ಇಷ್ಟೊಂದು ಮಾತಾಡುತ್ತಾರೆ. ಬಡತನ ಹೋದರೆ ಸಾಲದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಓದುತ್ತಾ ಹೋದಂತೆ ನನ್ನ ಕಣ್ಣು ನಿಂತದ್ದು ‘ನಿಜವಾದ ಬಡವರು’ ಎಂಬ ಮಾತಿನ ಮೇಲೆ. ಉಳಿದ ಪ್ರಶ್ನೆಗಳ ಉತ್ತರವೂ ಅದರ ಸುತ್ತಲೇ ಇದೆ. ಸಾಮಾಜಿಕ ಭದ್ರತೆಯ ವಿಷಯವನ್ನು ನಾನು ಬಹಳ ವರ್ಷ ಪಾಠ ಮಾಡಿದ್ದೇನೆ. ಆದರೆ ಈ ಮಾತಿನ ಬಗ್ಗೆ ನನಗಿರುವ ಅನುಮಾನ ಪುಸ್ತಕದಿಂದ ಬಂದದ್ದಲ್ಲ. ಸಹಾಯಧನದ ಅರ್ಜಿ ತಿರಸ್ಕೃತವಾಗಿ ಮೇಲ್ಮನವಿ ಹಾಕಿದವರ ಕಡತಗಳನ್ನು ಓದುವ ಸಮಿತಿಯೊಂದರಲ್ಲಿ ಕೆಲವು ವರ್ಷ ಇದ್ದೆ, ಅಲ್ಲಿಂದ ಬಂದದ್ದು. ಆ ಕಡತಗಳ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಬಡವರು ಎಂದಾಗ, ಹುಟ್ಟಿದಾಗಿನಿಂದ ಸಾಯುವತನಕ ಬಡವರಾಗಿಯೇ ಇರುವ ಒಂದು ಗುಂಪು ನಮ್ಮ ಮನಸ್ಸಿಗೆ ಬರುತ್ತದೆ. ಅಂಥವರೂ ಇದ್ದಾರೆ. ಆದರೆ ಮನೆಮನೆಗೆ ಹೋಗಿ ಲೆಕ್ಕ ಹಿಡಿದವರಿಗೆ ಕಂಡ ಚಿತ್ರ ಬೇರೆ. 1899ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸೀಬೋಮ್ ರೌಂಟ್ರಿ ಎಂಬುವರು 11,560 ಕಾರ್ಮಿಕ ಕುಟುಂಬಗಳ ಸಮೀಕ್ಷೆ ಮಾಡಿಸಿದರು. ಇವರು ಅದೇ ಊರಿನ ಚಾಕೊಲೇಟ್ ಕಾರ್ಖಾನೆಯ ಮನೆತನದವರು. ದೇಹ ಗಟ್ಟಿಯಾಗಿರಲು ಬೇಕಾದಷ್ಟನ್ನೇ ಲೆಕ್ಕ ಮಾಡಿ ಅವರು ಒಂದು ಕನಿಷ್ಠ ಮಟ್ಟ ಇಟ್ಟರು. ಆ ಲೆಕ್ಕದಲ್ಲಿ ದಿನಪತ್ರಿಕೆ ಕೊಳ್ಳುವಂತಿರಲಿಲ್ಲ, ವಾಹನ ಹತ್ತುವಂತಿರಲಿಲ್ಲ, ದೂರದಲ್ಲಿರುವ ಮಕ್ಕಳಿಗೆ ಕಾಗದ ಬರೆದರೆ ಅಂಚೆಚೀಟಿಗೆ ದುಡ್ಡಿರಲಿಲ್ಲ. ಇಷ್ಟು ಬಿಗಿಯಾದ ಲೆಕ್ಕದಲ್ಲೂ ಗಳಿಕೆ ಸಾಲದ ಮನೆಗಳು ಸಿಕ್ಕವು. ಅವುಗಳ ಜೊತೆಗೆ, ಗಳಿಕೆ ಹೇಗೋ ಮುಟ್ಟಿದರೂ ಕಣ್ಣಿಗೆ ಕಾಣುವ ಕಷ್ಟದಲ್ಲಿದ್ದ ಮನೆಗಳನ್ನು ಸೇರಿಸಿದಾಗ ನಗರದ ಜನಸಂಖ್ಯೆಯ ಶೇ. 27.84 ಬಡತನದಲ್ಲಿತ್ತು.

ಗಳಿಕೆಯೇ ಸಾಲದವರ ಬಡತನಕ್ಕೆ ಕಾರಣ ಹುಡುಕಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಯ ಮನೆಗಳಲ್ಲಿ ಯಜಮಾನ ದಿನವೂ ಕೆಲಸಕ್ಕೆ ಹೋಗುತ್ತಿದ್ದ. ಕೂಲಿ ಸಾಲುತ್ತಿರಲಿಲ್ಲ, ಅಷ್ಟೇ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಆ ಮನೆಗಳಲ್ಲಿ ಕೈ ದಿನವೂ ಕೆಸರಾಗುತ್ತಿತ್ತು.

ರೌಂಟ್ರಿ ಇನ್ನೊಂದು ಸಂಗತಿ ಗುರುತಿಸಿದರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದಕ್ಕಿಂತ ದೊಡ್ಡ ಶೋಧ ಇನ್ನೊಂದಿಲ್ಲ. ಕೂಲಿಗಾರನೊಬ್ಬನ ಆಯುಷ್ಯದಲ್ಲಿ ಬಡತನದ ಹಳ್ಳಗಳು ಮೂರು: ತಾನು ಮಗುವಾಗಿದ್ದಾಗ, ತನಗೆ ಸಣ್ಣ ಮಕ್ಕಳಿದ್ದಾಗ, ಮುದುಕನಾದಾಗ. ನಡುವೆ, ದುಡಿಯಲು ಶುರುಮಾಡಿ ಮದುವೆಯಾಗುವತನಕ, ಆಮೇಲೆ ಮಕ್ಕಳು ದುಡಿಯತೊಡಗಿದಾಗ ಸ್ವಲ್ಪ ಉಸಿರಾಟ. ಅಂದರೆ ಇವತ್ತು ಮಿತಿಯ ಮೇಲಿರುವವರು ನಾಳೆ ಕೆಳಗೆ, ಕೆಳಗಿರುವವರು ಮೇಲೆ. ಒಂದು ದಿನ ಎಣಿಸಿದರೆ ಸಿಗುವ ಬಡವರು ಕಡಿಮೆ. ಆಯುಷ್ಯದಲ್ಲಿ ಒಮ್ಮೆಯಾದರೂ ಬಡತನ ಕಂಡವರನ್ನು ಎಣಿಸಿದರೆ ಸಂಖ್ಯೆ ಎಷ್ಟೋ ಪಾಲು ದೊಡ್ಡದು. ಇವರಲ್ಲಿ ‘ನಿಜವಾದ’ ಬಡವರು ಯಾರು?

ಈ ಹಳ್ಳಗಳನ್ನು ನೆನಪಿಟ್ಟುಕೊಂಡರೆ ‘ಬಡತನ ಹೋಗಿಲ್ಲವಲ್ಲ’ ಎಂಬ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ. ಮುಚ್ಚಿದ ಕಡೆ ಹಳ್ಳ ಮುಚ್ಚಿದೆ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ ಕಾರ್ಮಿಕರ ಆರೋಗ್ಯ ವಿಮೆ, 1889ರಲ್ಲಿ ವೃದ್ಧಾಪ್ಯ ಮತ್ತು ಅಂಗವೈಕಲ್ಯದ ವಿಮೆ ಬಂದವು. ಆಗ ಪಿಂಚಣಿಗೆ ಎಪ್ಪತ್ತು ತುಂಬಬೇಕಿತ್ತು. ಆ ವಯಸ್ಸು ಮುಟ್ಟುತ್ತಿದ್ದ ಕಾರ್ಮಿಕರು ಎಷ್ಟು ಮಂದಿ ಎಂಬುದು ಬೇರೆ ಮಾತು, ಆದರೆ ದಾರಿ ತೆರೆಯಿತು. ಅಮೆರಿಕದಲ್ಲಿ 1959ರಲ್ಲಿ 65 ದಾಟಿದವರಲ್ಲಿ ಶೇ. 35ರಷ್ಟು ಮಂದಿ ಅಧಿಕೃತ ಬಡತನ ರೇಖೆಯ ಕೆಳಗಿದ್ದರು. ಈಗ ಅದು ಶೇ. 10ರ ಆಸುಪಾಸಿನಲ್ಲಿದೆ. ಮುದುಕರು ಇದ್ದಕ್ಕಿದ್ದಂತೆ ಹೆಚ್ಚು ದುಡಿಯತೊಡಗಿದ್ದರಿಂದ ಹೀಗಾಗಲಿಲ್ಲ. ಸಾರ್ವಜನಿಕ ಪಿಂಚಣಿಯ ಮೊತ್ತ ಏರಿತು, ಬಹುಪಾಲು ಎಲ್ಲರಿಗೂ ತಲುಪಿತು.

ಮಕ್ಕಳ ವಿಷಯದಲ್ಲಿ ಅದೇ ದೇಶ ಒಂದೇ ಒಂದು ವರ್ಷ ಇದನ್ನು ಮಾಡಿ ನೋಡಿತು. 2021ರಲ್ಲಿ ಮಕ್ಕಳ ತೆರಿಗೆ ವಿನಾಯಿತಿಯನ್ನು ಹಿಗ್ಗಿಸಿ, ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 3,600 ಡಾಲರ್, ದೊಡ್ಡ ಮಕ್ಕಳಿಗೆ 3,000 ಡಾಲರ್ ಎಂದು ನಿಗದಿ ಮಾಡಿದರು. ಅರ್ಧದಷ್ಟನ್ನು ಜುಲೈಯಿಂದ ತಿಂಗಳು ತಿಂಗಳಿಗೆ ಖಾತೆಗೆ ಹಾಕಿದರು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಮನೆಗಳಿಗೂ ಪೂರ್ತಿ ಮೊತ್ತ ಕೊಟ್ಟದ್ದು ಅದರ ಜೀವಾಳ. ಸರ್ಕಾರದ ನೆರವನ್ನೂ ಸೇರಿಸಿ ಎಣಿಸುವ ಅಲ್ಲಿನ ಪೂರಕ ಅಳತೆಯ ಪ್ರಕಾರ ಮಕ್ಕಳ ಬಡತನ 2020ರಲ್ಲಿ ಶೇ. 9.7 ಇದ್ದದ್ದು 2021ರಲ್ಲಿ ಶೇ. 5.2ಕ್ಕೆ ಇಳಿಯಿತು. ವರ್ಷ ಮುಗಿಯಿತು, ಸಂಸತ್ತು ಯೋಜನೆಯನ್ನು ಮುಂದುವರಿಸಲಿಲ್ಲ. 2022ರಲ್ಲಿ ಅದು ಶೇ. 12.4ಕ್ಕೆ ಏರಿತು. ಈ ಮೂರು ಸಂಖ್ಯೆಗಳನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದಾಗಲೆಲ್ಲ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಅವು ಲಕ್ಷಾಂತರ ಮಕ್ಕಳು. ಬಡತನ ಹೋಗುವುದೇ ಇಲ್ಲ ಎಂಬ ಮಾತನ್ನು ಆಮೇಲೆ ನನ್ನಿಂದ ಒಪ್ಪಲಾಗಿಲ್ಲ. ಅದು ಅರ್ಧದಷ್ಟು ಹೋಗಿತ್ತು, ನಾವು ಮತ್ತೆ ಕರೆದುಕೊಂಡು ಬಂದೆವು.

ಅಳತೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ವಿಶ್ವಬ್ಯಾಂಕಿನ ಕಡುಬಡತನದ ರೇಖೆ ಈಗ ದಿನಕ್ಕೆ 3 ಡಾಲರ್. ದೇಶದೇಶಗಳ ಬೆಲೆಯ ವ್ಯತ್ಯಾಸ ಸರಿಹೊಂದಿಸಿದ ಲೆಕ್ಕ ಇದು, 2025ರಲ್ಲಿ ಪರಿಷ್ಕರಿಸಿದ್ದು. ಯುರೋಪಿನ ಒಕ್ಕೂಟದಲ್ಲಿ ಆಯಾ ದೇಶದ ಮಧ್ಯಮಾಂಕ ಆದಾಯದ (ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ ಇರುವ ನಟ್ಟನಡುವಿನ ಆದಾಯ) ಶೇ. 60ಕ್ಕಿಂತ ಕೆಳಗಿರುವವರನ್ನು ಬಡತನದ ಅಪಾಯದಲ್ಲಿರುವವರು ಎಂದು ಎಣಿಸುತ್ತಾರೆ. ಮೊದಲನೆಯದು ಬದುಕಿ ಉಳಿಯುವ ಪ್ರಶ್ನೆ, ಎರಡನೆಯದು ಸುತ್ತಲಿನವರ ನಡುವೆ ತಲೆಯೆತ್ತಿ ಬದುಕುವ ಪ್ರಶ್ನೆ. ಎರಡನೆಯದು ಬರೀ ಹೊಟ್ಟೆಕಿಚ್ಚಿನ ಅಳತೆ ಎನ್ನುವವರಿದ್ದಾರೆ. ಮಾರುಕಟ್ಟೆಯ ಪರವಾಗಿ ಎಲ್ಲರೂ ಉಲ್ಲೇಖಿಸುವ ಆ್ಯಡಂ ಸ್ಮಿತ್ 1776ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ: ಲಿನನ್ ಅಂಗಿ ಬದುಕಲು ಅಗತ್ಯವೇನಲ್ಲ, ಆದರೆ ಈ ಕಾಲದಲ್ಲಿ ಅದಿಲ್ಲದೆ ನಾಲ್ಕು ಜನರ ಮುಂದೆ ಬರಲು ದಿನಗೂಲಿಯವನಿಗೂ ನಾಚಿಕೆಯಾಗುತ್ತದೆ, ಹಾಗಾಗಿ ಅದೂ ಅಗತ್ಯದ ವಸ್ತುವೇ ಎಂದು. ಲಿನನ್ ಅಂಗಿಯ ಜಾಗದಲ್ಲಿ ಇಂದು ಮೊಬೈಲ್ ಫೋನ್ ಇಟ್ಟು ನೋಡಿ. ಅದಿಲ್ಲದೆ ಕೆಲಸಕ್ಕೆ ಅರ್ಜಿ ಹಾಕಲಾಗದು, ಎಷ್ಟೋ ಕಡೆ ಸಹಾಯಧನಕ್ಕೂ ಅರ್ಜಿ ಹಾಕಲಾಗದು.

ಈಗ ಸೋಮಾರಿತನ. ಈ ಭಯ ಹೊಸದಲ್ಲ. ಇಂಗ್ಲೆಂಡಿನ 1834ರ ಬಡವರ ಕಾಯಿದೆ ನಿಂತದ್ದೇ ಇದರ ಮೇಲೆ. ನೆರವು ಬೇಕಾದವರು ದುಡಿಮೆಮನೆಗೆ ಬರಬೇಕು, ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಕೀಳಾಗಿರಬೇಕು ಎಂಬುದು ಅದರ ತತ್ವ. ಒಳಗೆ ಬಂದ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ನೆರವನ್ನು ಅವಮಾನದಲ್ಲಿ ಅದ್ದಿ ಕೊಟ್ಟರೆ ಅಗತ್ಯವಿಲ್ಲದವರು ದೂರ ಇರುತ್ತಾರೆ ಎಂಬ ಲೆಕ್ಕ. ಅಗತ್ಯವಿದ್ದವರೂ ದೂರ ಉಳಿದರು.

ಭಯ ಸರಿಯೋ ತಪ್ಪೋ ಎಂದು ಪರೀಕ್ಷಿಸಿ ನೋಡಲು ಈಗ ಸಾಕಷ್ಟು ಪುರಾವೆ ಇದೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ಅಭಿವೃದ್ಧಿಶೀಲ ದೇಶಗಳ ಏಳು ನಗದು ಯೋಜನೆಗಳ ಅಂಕಿಅಂಶವನ್ನು ಒಟ್ಟಿಗೆ ಇಟ್ಟು ನೋಡಿದರು. ಹಣ ಪಡೆದವರು ಕೆಲಸ ಕಡಿಮೆ ಮಾಡಿದರು ಎಂಬುದಕ್ಕೆ ಆಧಾರ ಸಿಗಲಿಲ್ಲ. ಕುಡಿತಕ್ಕೂ ತಂಬಾಕಿಗೂ ಸುರಿಯುತ್ತಾರೆ ಎಂಬ ಮಾತನ್ನು ಬೇರೆ ಸಂಶೋಧಕರು 19 ಅಧ್ಯಯನಗಳನ್ನು ಜೋಡಿಸಿ ಪರೀಕ್ಷಿಸಿದ್ದಾರೆ, ಅದಕ್ಕೂ ಆಧಾರ ಸಿಕ್ಕಿಲ್ಲ. ಫಿನ್‌ಲೆಂಡಿನಲ್ಲಿ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ಯಾವ ಷರತ್ತೂ ಇಲ್ಲದೆ ತಿಂಗಳಿಗೆ 560 ಯೂರೋ ಕೊಟ್ಟರು. ಕೆಲಸಕ್ಕೆ ಹೋದ ದಿನಗಳು ಕಡಿಮೆಯಾಗಲಿಲ್ಲ, ಸ್ವಲ್ಪ ಹೆಚ್ಚೇ ಆದವು. ಮನಸ್ಸಿನ ನೆಮ್ಮದಿ ಸ್ಪಷ್ಟವಾಗಿ ಹೆಚ್ಚಿತು.

ಕೆಲಸ ಕಡಿಮೆಯಾದ ಕಡೆಯ ಉದಾಹರಣೆಯನ್ನೂ ಕೊಡುತ್ತೇನೆ, ಅದು ಹೆಚ್ಚು ಕಲಿಸುತ್ತದೆ. ಕೆನಡಾದ ಮನಿಟೋಬಾ ಪ್ರಾಂತ್ಯದ ಡಾಫಿನ್ ಎಂಬ ಸಣ್ಣ ಪಟ್ಟಣದಲ್ಲಿ 1974ರಿಂದ 1979ರ ನಡುವೆ, ಆದಾಯ ಒಂದು ಮಟ್ಟಕ್ಕಿಂತ ಇಳಿದ ಯಾವ ಮನೆಗಾದರೂ ಸರ್ಕಾರ ಹಣ ತುಂಬಿಕೊಡುತ್ತಿತ್ತು. ಸರ್ಕಾರ ಬದಲಾಯಿತು, ಪ್ರಯೋಗ ನಿಂತಿತು, ಕಾಗದಪತ್ರಗಳೆಲ್ಲ ಪೆಟ್ಟಿಗೆ ಸೇರಿದವು. ದಶಕಗಳ ನಂತರ ಎವೆಲಿನ್ ಫೊರ್ಜೆ ಎಂಬ ಅರ್ಥಶಾಸ್ತ್ರಜ್ಞೆ ಆ ಊರಿನ ಹಳೆಯ ಆರೋಗ್ಯ ದಾಖಲೆಗಳನ್ನು ತೆಗೆದು ನೋಡಿದರು. ದುಡಿಮೆ ಕಡಿಮೆ ಮಾಡಿದವರು ಮುಖ್ಯವಾಗಿ ಎರಡು ಬಗೆಯವರು: ಹಸುಗೂಸಿನ ತಾಯಂದಿರು ಮತ್ತು ಹದಿಹರೆಯದ ಹುಡುಗರು. ತಾಯಂದಿರು ಮಗುವಿನ ಜೊತೆ ಮನೆಯಲ್ಲಿ ಹೆಚ್ಚು ದಿನ ಉಳಿದರು. ಹುಡುಗರು ಓದು ಬಿಟ್ಟು ಕೆಲಸಕ್ಕೆ ಹೋಗುವ ಬದಲು ಶಾಲೆಯಲ್ಲಿ ಉಳಿದರು. ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ, ಹೋಲಿಕೆಗೆ ತೆಗೆದುಕೊಂಡ ಇತರರಿಗಿಂತ ಶೇ. 8.5 ಇಳಿಯಿತು. ಅಪಘಾತ, ಗಾಯ, ಮಾನಸಿಕ ಆರೋಗ್ಯದ ಪ್ರಕರಣಗಳಲ್ಲಿ ಆ ಇಳಿಕೆ ಎದ್ದು ಕಂಡಿತು. ಇದನ್ನು ಸೋಮಾರಿತನ ಎಂದು ಕರೆಯಲು ನನಗೆ ಮನಸ್ಸು ಬಾರದು.

ಆದರೆ ನಿಮ್ಮ ಭಯ ಪೂರ್ತಿ ಸುಳ್ಳೂ ಅಲ್ಲ. ನೆರವು ದುಡಿಮೆಯನ್ನು ಹೊಸಕಿಹಾಕುವ ಒಂದು ಸಂದರ್ಭ ಇದೆ, ಮತ್ತು ಅದನ್ನು ಹುಟ್ಟಿಸುವುದು ‘ನಿಜವಾದ ಬಡವರಿಗೆ ಮಾತ್ರ’ ಎಂಬ ನಿಯಮವೇ. ಲೆಕ್ಕ ಮಾಡಿ ನೋಡಿ. ತಿಂಗಳ ಆದಾಯ 1,000ದೊಳಗೆ ಇರುವವರಿಗೆ 200 ಸಹಾಯಧನ ಎಂದಿಟ್ಟುಕೊಳ್ಳಿ. ಒಬ್ಬರು 990 ದುಡಿಯುತ್ತಾರೆ, ಸಹಾಯಧನ ಸೇರಿ ಕೈಗೆ 1,190. ಇನ್ನೊಂದು ಪಾಳಿ ಹೆಚ್ಚು ಮಾಡಿ 1,010 ದುಡಿದರು, ಸಹಾಯಧನ ನಿಂತಿತು, ಕೈಗೆ 1,010. ಇಪ್ಪತ್ತು ಹೆಚ್ಚು ಗಳಿಸಿದ್ದಕ್ಕೆ ನೂರೆಂಬತ್ತರ ದಂಡ. ಅವರು ಮುಂದಿನ ತಿಂಗಳು ಆ ಪಾಳಿಯನ್ನು ಬೇಡ ಎಂದರೆ ಅದು ಸೋಮಾರಿತನವೋ, ಕೂಡಿ ಕಳೆಯುವ ಬುದ್ಧಿಯೋ?

ಈ ಪ್ರಪಾತವನ್ನು ಇಳಿಜಾರು ಮಾಡಬಹುದು. ಆದಾಯ ಏರಿದಂತೆ ಸಹಾಯಧನ ಸ್ವಲ್ಪ ಸ್ವಲ್ಪವೇ ಕರಗುವಂತೆ ಮಾಡಬಹುದು. ಕಡಿಮೆ ಆದಾಯದವರಿಗೆ ಕೊಡುವ ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ಎಂಬ ಸಹಾಯಧನ ಹಾಗೆಯೇ ಇದೆ. ಆದರೂ ಅಲ್ಲಿ, ಕೆಲವರಿಗೆ ಇರುವ ರಿಯಾಯಿತಿಯ ಮೊತ್ತ ದಾಟಿದ ಮೇಲೆ, ಹೆಚ್ಚು ಗಳಿಸಿದ ಪ್ರತಿ 100 ಪೌಂಡಿಗೆ 55 ಪೌಂಡ್ ಸಹಾಯಧನ ಕರಗುತ್ತದೆ. 2021ರವರೆಗೆ 63 ಕರಗುತ್ತಿತ್ತು. ಅದೇ ದೇಶದಲ್ಲಿ, ಸ್ಕಾಟ್ಲೆಂಡ್ ಬಿಟ್ಟರೆ, ಅತಿ ಹೆಚ್ಚು ಆದಾಯದವರ ಮೇಲಿನ ಆದಾಯ ತೆರಿಗೆಯ ಗರಿಷ್ಠ ದರ ಶೇ. 45. ಹೆಚ್ಚು ತೆರಿಗೆ ಹಾಕಿದರೆ ದುಡಿಯುವ ಉತ್ಸಾಹ ಕುಗ್ಗುತ್ತದೆ ಎಂದು ಮೇಲಿನವರ ಬಗ್ಗೆ ನಾವು ಚಿಂತಿಸುತ್ತೇವೆ. ಕೆಳಗಿನವರು ಅದಕ್ಕಿಂತ ಕಡಿದಾದ ಏರು ಹತ್ತುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ಕಡತಗಳು. ಒಂದನ್ನು ಮಾತ್ರ ಹೇಳುತ್ತೇನೆ. ಆಕೆ ರಾತ್ರಿ ಹೊತ್ತು ಕಚೇರಿಗಳನ್ನು ಗುಡಿಸಿ ಒರೆಸುವ ಕೆಲಸದವರು, ಇಬ್ಬರು ಮಕ್ಕಳು. ಅರ್ಜಿ ಹದಿನಾಲ್ಕು ಪುಟ. ಒಂಬತ್ತನೇ ಪುಟದಲ್ಲಿ ಹಿಂದಿನ ಆರು ತಿಂಗಳ ಆದಾಯವನ್ನು ತಿಂಗಳವಾರು ಬರೆಯಬೇಕಿತ್ತು. ಆಕೆಗೆ ಸಂಬಳ ಬರುತ್ತಿದ್ದದ್ದು ವಾರದ ಲೆಕ್ಕದಲ್ಲಿ. ಯಾವ ವಾರವನ್ನು ಯಾವ ತಿಂಗಳಿಗೆ ಸೇರಿಸಬೇಕು ಎಂದು ಅರ್ಜಿಯಲ್ಲಿ ಎಲ್ಲೂ ಹೇಳಿರಲಿಲ್ಲ. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕೂಡಿದ ಲೆಕ್ಕ, ಅದರ ಮೇಲೆ ಅಡ್ಡಗೀಟು. ಪಕ್ಕದಲ್ಲಿ ಇನ್ನೊಂದು ಲೆಕ್ಕ, ಅದಕ್ಕೂ ಗೀಟು. ಮೂರನೆಯದು ಕೆಳಗಿನ ಮೂಲೆಯಲ್ಲಿ, ಅಕ್ಷರ ಚಿಕ್ಕದಾಗುತ್ತಾ ಹೋಗಿತ್ತು. ಕೊನೆಗೆ ಚೌಕಗಳೊಳಗೆ ನೀಲಿ ಶಾಯಿಯಲ್ಲಿ ಆರು ಸಂಖ್ಯೆಗಳು. ನಾಲ್ಕನೇ ತಿಂಗಳಿಗೆ ಐದು ವಾರದ ಸಂಬಳ ಬಿದ್ದಿತ್ತು. ಆ ಒಂದು ತಿಂಗಳು ಮಿತಿ ದಾಟಿತು. ಮೊದಲ ಪುಟದ ಮೇಲೆ ‘ಆದಾಯ ಮಿತಿ ಮೀರಿದೆ’ ಎಂಬ ಮೊಹರು.

ಮೇಲ್ಮನವಿ ನಮ್ಮ ಮುಂದೆ ಬರುವ ಹೊತ್ತಿಗೆ ಏಳು ತಿಂಗಳಾಗಿತ್ತು. ಪೆನ್ಸಿಲ್ ಲೆಕ್ಕ ನೋಡಿದ ಕೂಡಲೇ ನಮಗೆ ವಿಷಯ ಗೊತ್ತಾಯಿತು, ಹತ್ತು ನಿಮಿಷದಲ್ಲಿ ಅರ್ಜಿ ಮಂಜೂರಾಯಿತು. ಅಷ್ಟರಲ್ಲಿ ಆಕೆ ಸಾಲ ಮಾಡಿದ್ದರು. ಹಿಂಬಾಕಿ ಬಂದರೂ ಹೆಚ್ಚಿನ ಪಾಲು ಬಡ್ಡಿಗೇ ಹೋಗುತ್ತದೆ ಎಂದು ವಿಚಾರಣೆಯ ದಿನ ಅವರೇ ಹೇಳಿದರು, ದೂರಿನ ದನಿಯಲ್ಲಿ ಅಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲಿ. ಅವರ ಅರ್ಜಿಯನ್ನು ತಳ್ಳಿಹಾಕಿದ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಹೇಳಿದ್ದನ್ನೇ ಅವರು ಮಾಡಿದ್ದರು. ಅನರ್ಹರೊಬ್ಬರಿಗೆ ಹಣ ಹೋದರೆ ಅವರ ಮೇಲೆ ವಿಚಾರಣೆ, ಅರ್ಹರೊಬ್ಬರಿಗೆ ಸಿಗದಿದ್ದರೆ ಯಾರೂ ಅವರನ್ನು ಕೇಳುವುದಿಲ್ಲ. ಹಾಗಿರುವಾಗ ಅರ್ಹರನ್ನು ಸೋಸುವ ಜರಡಿಯ ಕಣ್ಣು ಕಿರಿದಾಗುತ್ತಲೇ ಹೋಗುತ್ತದೆ.

ವಾರದ ಸಂಬಳ ತಿಂಗಳ ಚೌಕಕ್ಕೆ ಹೊಂದದ ಇದೇ ಕಥೆ ಆಸ್ಟ್ರೇಲಿಯಾದಲ್ಲಿ ದೇಶದ ಮಟ್ಟದಲ್ಲಿ ನಡೆಯಿತು. ರೋಬೊಡೆಟ್ ಎಂದು ಹೆಸರಾದ ಆ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಒಬ್ಬರ ಇಡೀ ವರ್ಷದ ಆದಾಯವನ್ನು 26ರಿಂದ ಭಾಗಿಸಿ, ಪ್ರತಿ ಎರಡು ವಾರಕ್ಕೂ ಇಷ್ಟು ಗಳಿಸಿದ್ದೀರಿ ಎಂದು ಊಹಿಸುತ್ತಿತ್ತು. ಆರು ತಿಂಗಳು ಕೆಲಸವಿಲ್ಲದೆ ಸಹಾಯಧನ ಪಡೆದು, ಉಳಿದ ಆರು ತಿಂಗಳು ದುಡಿದವರು ಇಡೀ ವರ್ಷ ದುಡಿದಂತೆ ಕಂಡರು. ನೀವು ಹೆಚ್ಚು ಪಡೆದಿದ್ದೀರಿ, ವಾಪಸ್ ಕಟ್ಟಿ ಎಂಬ ನೋಟಿಸ್ ಹೋಯಿತು. ಹಾಗಲ್ಲ ಎಂದು ಹಳೆಯ ಸಂಬಳದ ಚೀಟಿ ತಂದು ತೋರಿಸುವ ಹೊಣೆ ಅವರ ಮೇಲೆಯೇ. 2020ರಲ್ಲಿ ಸರ್ಕಾರ ಸುಮಾರು 4.7 ಲಕ್ಷ ವಸೂಲಿ ಪ್ರಕರಣಗಳ ಹಣ ಹಿಂತಿರುಗಿಸಲು ಒಪ್ಪಿತು. 2023ರಲ್ಲಿ ಇದರ ತನಿಖೆಗೆ ನೇಮಿಸಿದ್ದ ರಾಯಲ್ ಕಮಿಷನ್ ಎಂಬ ಉನ್ನತ ವಿಚಾರಣಾ ಆಯೋಗದ ವರದಿ ಬಂತು. ನೆದರ್‌ಲೆಂಡ್ಸ್‌ನಲ್ಲಿ ಶಿಶುಪಾಲನೆಯ ಭತ್ಯೆ ಪಡೆದ ಸಾವಿರಾರು ತಂದೆತಾಯಿಗಳನ್ನು ತೆರಿಗೆ ಇಲಾಖೆ ಮೋಸಗಾರರೆಂದು ಪರಿಗಣಿಸಿ, ಸಣ್ಣಪುಟ್ಟ ಲೋಪಕ್ಕೂ ಪೂರ್ತಿ ಮೊತ್ತ ವಸೂಲಿಗೆ ಇಳಿಯಿತು. ಅವರಲ್ಲಿ ವಲಸಿಗ ಮೂಲದವರು ಬಹಳ ಮಂದಿ. ಮನೆಗಳು ಮುರಿದವು. 2021ರ ಜನವರಿಯಲ್ಲಿ ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು. ಎರಡೂ ಶ್ರೀಮಂತ ದೇಶಗಳು, ಒಳ್ಳೆಯ ಆಡಳಿತಕ್ಕೆ ಹೆಸರಾದವು. ಅಲ್ಲೇ ಹೀಗಾದರೆ ಜರಡಿ ಹಿಡಿಯುವ ಕೆಲಸ ಸುಲಭವೆಂದು ನಾವು ಯಾವ ಧೈರ್ಯದಿಂದ ಹೇಳಬೇಕು?

ತಪ್ಪು ವಸೂಲಿ ಸುದ್ದಿಯಾಗುತ್ತದೆ. ಸುದ್ದಿಯಾಗದೆ ನಡೆಯುವುದು ಇನ್ನೊಂದು: ಹಕ್ಕಿದ್ದೂ ಪಡೆಯದೆ ಉಳಿಯುವುದು. ಬ್ರಿಟನ್ನಿನಲ್ಲಿ ಬಡ ವೃದ್ಧರಿಗಾಗಿ ಇರುವ ಪೆನ್ಷನ್ ಕ್ರೆಡಿಟ್ ಯೋಜನೆಗೆ ಅರ್ಹರಾದ ಮನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅದನ್ನು ಪಡೆಯುವುದೇ ಇಲ್ಲ. ವಯಸ್ಸಾದ ಎಲ್ಲರಿಗೂ ಸಿಗುವ ಮೂಲ ಪಿಂಚಣಿಯಲ್ಲಿ ಈ ಸಮಸ್ಯೆ ಇಲ್ಲವೆನ್ನುವಷ್ಟು ಕಡಿಮೆ. ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಇಲಾಖೆಯ ಸ್ಥಳೀಯ ಕಚೇರಿಗಳನ್ನು ಮುಚ್ಚಿದ ಕಡೆ, ಸುತ್ತಲಿನ ಪ್ರದೇಶದಲ್ಲಿ ಅಂಗವೈಕಲ್ಯ ಭತ್ಯೆ ಪಡೆಯುವವರ ಸಂಖ್ಯೆ ಶೇ. 16 ಕುಸಿಯಿತು ಎಂದು ಮನಸಿ ದೇಶಪಾಂಡೆ ಮತ್ತು ಯೂ ಲಿ 2019ರಲ್ಲಿ ತೋರಿಸಿದರು. ನಿಯಮ ಬದಲಾಗಿರಲಿಲ್ಲ, ಮೊತ್ತ ಬದಲಾಗಿರಲಿಲ್ಲ. ಬಾಗಿಲು ದೂರವಾಯಿತು, ಅಷ್ಟೇ. ಹೆಚ್ಚು ಹೊಡೆತ ಬಿದ್ದದ್ದು ಕಡಿಮೆ ಓದಿದವರಿಗೆ. ಅಂದರೆ ಜರಡಿಯಲ್ಲಿ ಮೊದಲು ಜಾರಿಹೋಗುವವರು ಯಾರನ್ನು ಹಿಡಿಯಲೆಂದು ಜರಡಿ ತಂದೆವೋ ಅವರೇ.

ಹಾಗಾದರೆ ಎಲ್ಲರಿಗೂ ಕೊಟ್ಟರೆ ಖಜಾನೆ ಉಳಿಯುತ್ತದೆಯೇ ಎಂದು ನೀವು ಕೇಳುತ್ತೀರಿ. ತೆರಿಗೆ ಕಟ್ಟುವವರು ಕೇಳಲೇಬೇಕಾದ ಪ್ರಶ್ನೆ. ಹತ್ತು ಜನರ ಒಂದು ಊರು ಎಂದಿಟ್ಟುಕೊಳ್ಳಿ, ಐವರು ಬಡವರು, ಐವರು ಅನುಕೂಲಸ್ಥರು. ಮೊದಲ ದಾರಿಯಲ್ಲಿ ಬಡವರೈವರಿಗೆ ಮಾತ್ರ ತಲಾ 100 ಕೊಡುತ್ತೇವೆ, ಖರ್ಚು 500, ಅದಕ್ಕಾಗಿ ಅನುಕೂಲಸ್ಥರು ತಲಾ 100 ತೆರಿಗೆ ಕಟ್ಟುತ್ತಾರೆ. ಎರಡನೇ ದಾರಿಯಲ್ಲಿ ಹತ್ತೂ ಜನರಿಗೆ ತಲಾ 100, ಖರ್ಚು 1,000, ಅನುಕೂಲಸ್ಥರಿಂದ ತಲಾ 200 ತೆರಿಗೆ. ಬಜೆಟ್ ಪುಸ್ತಕದಲ್ಲಿ ಎರಡನೆಯದು ದುಪ್ಪಟ್ಟು ದುಬಾರಿ. ಆದರೆ ಸಂಜೆ ಎಲ್ಲರ ಜೇಬು ನೋಡಿದರೆ ಎರಡೂ ಒಂದೇ: ಬಡವರಿಗೆ 100 ಬಂತು, ಅನುಕೂಲಸ್ಥರಿಂದ 100 ಹೋಯಿತು. ವ್ಯತ್ಯಾಸ ಇರುವುದು ಆದಾಯ ಸಾಬೀತು ಮಾಡುವ ಹೊರೆ ಯಾರ ಮೇಲೆ ಎಂಬುದರಲ್ಲಿ. ಮೊದಲ ದಾರಿಯಲ್ಲಿ ಬಡವರು ಹದಿನಾಲ್ಕು ಪುಟ ತುಂಬಬೇಕು. ಎರಡನೆಯದರಲ್ಲಿ ಅನುಕೂಲಸ್ಥರ ಆದಾಯವನ್ನು ತೆರಿಗೆ ಇಲಾಖೆ ನೋಡುತ್ತದೆ, ಆ ಕೆಲಸ ಅದು ಹೇಗೂ ಮಾಡುತ್ತಲೇ ಇದೆ. ನಿಜ ಜಗತ್ತು ಈ ಹತ್ತು ಜನರ ಊರಿನಷ್ಟು ಸರಳವಲ್ಲ. ತೆರಿಗೆ ಏರಿಸಿದರೆ ಅದಕ್ಕೂ ಪರಿಣಾಮಗಳಿವೆ, ಮತ್ತು ತೆರಿಗೆ ಸಂಗ್ರಹಿಸುವ ಶಕ್ತಿಯೇ ಇಲ್ಲದ ಸರ್ಕಾರಕ್ಕೆ ಎರಡನೇ ದಾರಿ ಕಷ್ಟ. ಆದರೂ ‘ಉಳ್ಳವರಿಗೂ ಯಾಕೆ ಕೊಡಬೇಕು’ ಎಂದು ಯಾರಾದರೂ ಕೇಳಿದಾಗ ಈ ಲೆಕ್ಕ ನೆನಪಿಗೆ ಬರಲಿ. ಅವರಿಗೆ ಕೊಟ್ಟದ್ದು ಅವರಿಂದಲೇ ವಾಪಸ್ ಬರುತ್ತದೆ.

1998ರಲ್ಲಿ ವಾಲ್ಟರ್ ಕೊರ್ಪಿ ಮತ್ತು ಯೊಆಕಿಂ ಪಾಲ್ಮೆ ಎಂಬ ಸ್ವೀಡನ್ನಿನ ವಿದ್ವಾಂಸರು ಹಲವು ದೇಶಗಳನ್ನು ಹೋಲಿಸಿ, ಬಡವರಿಗೆ ಮಾತ್ರ ಎಂದು ಬಿಗಿ ಹಿಡಿದ ದೇಶಗಳಿಗಿಂತ ಎಲ್ಲರನ್ನೂ ಒಳಗೊಂಡ ದೇಶಗಳೇ ಬಡತನವನ್ನು ಹೆಚ್ಚು ತಗ್ಗಿಸಿವೆ ಎಂದು ತೋರಿಸಿದರು. ಮಧ್ಯಮ ವರ್ಗದ ಮಗುವೂ ಅದೇ ಭತ್ಯೆ ಪಡೆಯುತ್ತಿದ್ದರೆ ಅದನ್ನು ಕತ್ತರಿಸಲು ಯಾವ ಸರ್ಕಾರವೂ ಹಿಂಜರಿಯುತ್ತದೆ. ಬಡವರಿಗೆ ಮಾತ್ರ ಇರುವ ಯೋಜನೆಯನ್ನು ಕತ್ತರಿಸಿದರೆ ಕೂಗುವ ದನಿ ಚಿಕ್ಕದು. ನಂತರದ ಅಧ್ಯಯನಗಳಲ್ಲಿ ಈ ಸಂಬಂಧ ಅಷ್ಟು ಬಲವಾಗಿ ಕಂಡಿಲ್ಲ ಎಂಬುದನ್ನೂ ಹೇಳಬೇಕು. ಉಳ್ಳವರೂ ಇರುವ ಸಾಲಿನಲ್ಲಿ ಸೇವೆ ಚೆನ್ನಾಗಿರುತ್ತದೆ ಎಂಬುದಕ್ಕೆ ಮಾತ್ರ ನನ್ನ ಕಣ್ಣೆದುರಿನ ಅನುಭವವೇ ಸಾಕ್ಷಿ.

ಅಸಮಾನತೆಯ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ಅದನ್ನು ಅಳೆಯುವ ಗಿನಿ ಸೂಚ್ಯಂಕದಲ್ಲಿ 0 ಎಂದರೆ ಎಲ್ಲರಿಗೂ ಸಮ, 1 ಎಂದರೆ ಒಬ್ಬರಿಗೇ ಎಲ್ಲ. ತೆರಿಗೆ, ಪಿಂಚಣಿ, ಭತ್ಯೆಗಳಿಗೆ ಮೊದಲು ಬರೀ ಮಾರುಕಟ್ಟೆಯ ಆದಾಯ ನೋಡಿದರೆ ಫಿನ್‌ಲೆಂಡಿನ ಸೂಚ್ಯಂಕವೂ ಅಮೆರಿಕದ್ದೂ ಹೆಚ್ಚುಕಡಿಮೆ ಒಂದೇ, 0.5ರ ಆಸುಪಾಸು. ತೆರಿಗೆ ಕಳೆದು ಭತ್ಯೆ ಸೇರಿಸಿದ ಮೇಲೆ ಅಮೆರಿಕ 0.39ರ ಹತ್ತಿರ ನಿಲ್ಲುತ್ತದೆ, ಫಿನ್‌ಲೆಂಡ್ 0.27ರ ಹತ್ತಿರ. ಪಿಂಚಣಿದಾರರಿಗೆ ಮಾರುಕಟ್ಟೆಯ ಆದಾಯವೇ ಇರುವುದಿಲ್ಲವಾದ್ದರಿಂದ ಮೊದಲ ಸಂಖ್ಯೆ ಸ್ವಲ್ಪ ಉಬ್ಬಿರುತ್ತದೆ, ಅದನ್ನು ಬಿಟ್ಟುಕೊಟ್ಟರೂ ನಡುವಿನ ಅಂತರ ಸರ್ಕಾರದ ಆಯ್ಕೆಯಿಂದ ಬಂದದ್ದು. ಬಡತನ ಹೋದರೆ ಸಾಲದೇ ಎಂದಿರಿ. ಸಾಲದು, ಯಾಕೆಂದರೆ ಅಂತರ ಹೆಚ್ಚಾದಷ್ಟೂ ಏಣಿಯ ಮೆಟ್ಟಿಲುಗಳು ದೂರವಾಗುತ್ತವೆ. ಬಹುಪಾಲು ಶ್ರೀಮಂತ ದೇಶಗಳೇ ಇರುವ ಒಇಸಿಡಿ ಎಂಬ ಆರ್ಥಿಕ ಸಂಘಟನೆ 2018ರಲ್ಲಿ ಮಾಡಿದ ಅಂದಾಜಿನಲ್ಲಿ, ಕಡಿಮೆ ಆದಾಯದ ಮನೆಯ ಸಂತತಿ ಸರಾಸರಿ ಆದಾಯ ಮುಟ್ಟಲು ಡೆನ್ಮಾರ್ಕಿನಲ್ಲಿ ಎರಡು ತಲೆಮಾರು ಸಾಕು, ಕೊಲಂಬಿಯಾದಲ್ಲಿ ಹನ್ನೊಂದು ಬೇಕು. ಹನ್ನೊಂದು ತಲೆಮಾರು ಎಂದರೆ ಸುಮಾರು ಮುನ್ನೂರು ವರ್ಷ. ಆ ಮಗುವಿಗೆ ಕಷ್ಟಪಟ್ಟು ಓದು, ಮುಂದೆ ಬರುತ್ತೀಯಾ ಎಂದು ಹೇಳುವವರು ಯಾವ ಮುಖದಿಂದ ಹೇಳಬೇಕು?

ನಿಮ್ಮ ಮಾತಿನಲ್ಲಿ ನಾನು ಒಪ್ಪುವುದೂ ಇದೆ. ಅಂಗವೈಕಲ್ಯ, ದೀರ್ಘ ಕಾಯಿಲೆಯಂಥ ಅಗತ್ಯಗಳಿಗೆ ಹೆಚ್ಚುವರಿ ನೆರವು ಬೇಕು, ಅಲ್ಲಿ ಪರಿಶೀಲನೆ ಇಲ್ಲದೆ ಆಗದು. ನಗದು ಕೊಟ್ಟು ಶಾಲೆ, ಆಸ್ಪತ್ರೆಗಳನ್ನು ಕೈಬಿಟ್ಟರೆ ಆ ನಗದು ಖಾಸಗಿ ಶುಲ್ಕವಾಗಿ ಕರಗಿಹೋಗುತ್ತದೆ. ಕೂಲಿ ಕಡಿಮೆ ಕೊಡುವ ಮಾಲೀಕರ ಜೇಬಿಗೆ ಸಹಾಯಧನ ಸೇರುವ ಅಪಾಯವೂ ಹಳೆಯದು. ಕೂಲಿ ಸಾಲದವರಿಗೆ ಊರಿನ ತೆರಿಗೆ ಹಣದಿಂದ ತುಂಬಿಕೊಡುತ್ತಿದ್ದ 1795ರ ಇಂಗ್ಲೆಂಡಿನ ಸ್ಪೀನಮ್‌ಲ್ಯಾಂಡ್ ಪದ್ಧತಿಯ ಮೇಲೆ ಈ ದೂರು ಆ ಕಾಲದಿಂದಲೇ ಇತ್ತು. ಅದಕ್ಕೇ ಕನಿಷ್ಠ ಕೂಲಿಯ ಕಾನೂನು ಸಹಾಯಧನದ ಪಕ್ಕದಲ್ಲೇ ಇರಬೇಕು, ಒಂದರ ಬದಲು ಇನ್ನೊಂದಲ್ಲ. ಯಾರ ಕೈಗೆ ಕೊಡುತ್ತೇವೆ ಎಂಬುದೂ ಮುಖ್ಯ. ದಕ್ಷಿಣ ಆಫ್ರಿಕಾದ ವೃದ್ಧಾಪ್ಯ ಪಿಂಚಣಿಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ, ಅಜ್ಜಿಗೆ ಪಿಂಚಣಿ ಬಂದ ಮನೆಯಲ್ಲಿ ಮೊಮ್ಮಗಳ ದೇಹಪೋಷಣೆ ಸುಧಾರಿಸಿದ್ದನ್ನು ಕಂಡರು. ಅಜ್ಜನಿಗೆ ಬಂದಾಗ ಅಂಥ ಬದಲಾವಣೆ ಕಾಣಲಿಲ್ಲ.

ಹೊಸ ಯೋಜನೆಯೊಂದು ಬಂದಾಗ ಇಷ್ಟು ಮಂದಿ ಅನರ್ಹರನ್ನು ಪತ್ತೆಹಚ್ಚಿದೆವು, ಇಷ್ಟು ಉಳಿಸಿದೆವು ಎಂಬ ಸಂಖ್ಯೆಯನ್ನು ಇಲಾಖೆಗಳು ತಾವಾಗಿಯೇ ಪ್ರಕಟಿಸುತ್ತವೆ. ತೆರಿಗೆ ಕಟ್ಟುವವರಾಗಿ ನೀವು ಇನ್ನೊಂದು ಸಂಖ್ಯೆಯನ್ನೂ ಕೇಳಿ: ಸಿಗಬೇಕಾಗಿದ್ದೂ ಸಿಗದವರು ಎಷ್ಟು? ಅದನ್ನು ಲೆಕ್ಕ ಹಾಕುವುದು ಅಸಾಧ್ಯವೇನಲ್ಲ. ಮನೆಗಳ ಆದಾಯ ಸಮೀಕ್ಷೆಯನ್ನೂ ಫಲಾನುಭವಿಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಕೆಲವು ದೇಶಗಳು ಆ ಅಂದಾಜು ಪ್ರಕಟಿಸುತ್ತವೆ. ಮೇಲೆ ಹೇಳಿದ ಪೆನ್ಷನ್ ಕ್ರೆಡಿಟ್ಟಿನ ಮೂರನೇ ಒಂದು ಭಾಗ ಸಿಕ್ಕಿದ್ದು ಹಾಗೆಯೇ. ನಮ್ಮ ಸಮಿತಿಯ ಮುಂದೆ ಬಂದವರು ಮೇಲ್ಮನವಿ ಹಾಕುವಷ್ಟು ಬಲ ಉಳಿದಿದ್ದವರು. ಒಂಬತ್ತನೇ ಪುಟದಲ್ಲೇ ಪೆನ್ಸಿಲ್ ಕೆಳಗಿಟ್ಟು ಅರ್ಜಿಯನ್ನು ಮಡಿಚಿಟ್ಟವರು ಎಷ್ಟು ಮಂದಿ ಎಂದು ಆ ಕಚೇರಿಯಲ್ಲಿ ಒಮ್ಮೆ ಕೇಳಿದ್ದೆ. ಆ ಲೆಕ್ಕ ಇಡುವುದಿಲ್ಲ ಎಂದರು.